ಚಾವಡಿಗೆ ಬಂದ ಮೊಬೈಲ್ ಆಟ

ಯಕ್ಷಗಾನದ ಚೌಕಿಯನ್ನು ಕಂಡವರಿಗೆ ಎಮ್ಯುಲೇಟರ್ ಎಂಬ ಹೊಸ ಮಾತನ್ನು ವಿವರಿಸುವುದು ಕಷ್ಟವಲ್ಲ. ಹಗಲು ಗದ್ದೆಯ ಹುಣಿಯಲ್ಲಿ ಕಂಡ ಮನುಷ್ಯನೇ ಬಣ್ಣ ಬಳಿದು ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಂದೊಡನೆ ಕೌರವನಾಗುತ್ತಾನಷ್ಟೆ. ಎದುರು ನಿಂತ ಭೀಮನೂ ಅವನನ್ನು ಕೌರವನೆಂದೇ ಬಗೆದು ಮಾತನಾಡುತ್ತಾನೆ. ಮೇಜಿನ ಮೇಲಿನ ಕಂಪ್ಯೂಟರಿಗೂ ಇಂತಹ ವೇಷ ಕಟ್ಟಲು ಬರುತ್ತದೆ. ಎಮ್ಯುಲೇಟರೆಂಬ ತಂತ್ರಾಂಶವನ್ನು ಅದರಲ್ಲಿ ನೆಲೆಗೊಳಿಸಿದರೆ, ಅದು ಆಂಡ್ರಾಯ್ಡ್ ಮೊಬೈಲಿನಂತೆ ವರ್ತಿಸುತ್ತದೆ. ಮೊಬೈಲಿಗೆಂದೇ ರಚಿಸಿದ ಆಟವು ತಾನು ಮೊಬೈಲಿನಲ್ಲಿಯೇ ಇರುವೆನೆಂದು ನಂಬಿ ದೊಡ್ಡ ಪರದೆಯ ಮೇಲೆ ನಡೆಯತೊಡಗುತ್ತದೆ.

ಇದು ಹುಡುಗರ ಗೊಡವೆ, ಗೃಹಸ್ಥರಿಗೇಕೆ ಎಂದು ವಾಚಕರು ಕೇಳಬಹುದು. ಆಟ ಯಾವುದೆಂಬುದಕ್ಕಿಂತ ಅದು ಮನೆಯಲ್ಲಿ ಎಲ್ಲಿ ನಡೆಯುತ್ತದೆಂಬುದು ಮುಖ್ಯವೆಂದು ನಾವು ಬಗೆಯುತ್ತೇವೆ. ಆಟಿ ತಿಂಗಳ ಮಳೆಯಲ್ಲಿ ತುಳುನಾಡಿನ ಮನೆಗಳಲ್ಲಿ ಚೆನ್ನೆಮಣೆಯನ್ನು ಹೊರತೆಗೆಯುವ ವಾಡಿಕೆಯುಂಟು. ಸಾಲಿಗೆ ಏಳರಂತೆ ಎರಡು ಸಾಲು, ೧೪ ಗುಳಿ, ಗುಳಿಗೆ ನಾಲ್ಕು ಕಾಯಿ. ಆಡುವವರು ಇಬ್ಬರು, ಸುತ್ತ ಕುಳಿತು ನೋಡುವವರು ನಾಲ್ವರು, ಯಾರು ಕೇಳದಿದ್ದರೂ ಉಪಾಯ ಹೇಳಿಕೊಡುವ ಅಜ್ಜಿಯೊಬ್ಬರು. ಮೊಬೈಲ್ ಆಟಕ್ಕಾದರೋ ಸುತ್ತ ಕುಳಿತವರಿಲ್ಲ. ಅಂಗೈಯಷ್ಟರ ಪರದೆಯಲ್ಲಿ ಮಗುವು ಹೊದಿಕೆಯೊಳಗೆ ಯಾರೊಡನೆ ಏನು ಆಡುತ್ತಿದೆಯೆಂಬುದು ತಾಯಿಗೂ ತಿಳಿಯದು.

ಈ ಆಟಗಳೆಲ್ಲ ಕಡಲಾಚೆಯಿಂದ ಬಂದವೆಂದು ಎಣಿಸಬೇಕಾಗಿಲ್ಲ. ೧೯೯೬ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಸಂಸ್ಥೆಯ ಬಳಗದಿಂದ ೯೯ಗೇಮ್ಸ್ ಎಂಬ ಆಟಗಳ ಸಂಸ್ಥೆಯೊಂದು ಹುಟ್ಟಿತು. ಧೂಮ್-೩ ಚಲನಚಿತ್ರದ ಆಟವನ್ನು ೨೦೧೩ರಲ್ಲಿಯೂ, ಸ್ಟಾರ್ ಶೆಫ್ ಎಂಬ ಅಡುಗೆಯ ಆಟವನ್ನು ೨೦೧೪ರಲ್ಲಿಯೂ ಹೊರತಂದದ್ದು ಅದೇ. ಹೋಟೆಲು ನಡೆಸುವ ಆಟವನ್ನು ಉಡುಪಿಯವರು ರಚಿಸಿದುದರಲ್ಲಿ ಆಶ್ಚರ್ಯವೇನು! ಆದರೆ ಅದನ್ನೂ ರಚಿಸಿದ್ದು ಅಂಗೈಯ ಪರದೆಗಾಗಿ. ಕಣ್ಣಿಗೆ ಪೊರೆ ಬಂದ ಹಿರಿಯರು ಆ ಸಣ್ಣ ಚಿತ್ರಗಳನ್ನು ಬೆರಳಿನಿಂದ ತಟ್ಟಲು ಪಡುವ ಪಾಡು ನಾವು ಬಲ್ಲೆವು. ದೊಡ್ಡ ಪರದೆಯೂ ಕೈಗೊಂದು ಮೌಸೂ ದೊರೆತರೆ ಅವರೂ ಮೊಮ್ಮಕ್ಕಳ ಪಕ್ಕದಲ್ಲಿ ಕುರ್ಚಿ ಎಳೆದುಕೊಳ್ಳಬಹುದು.

ಇನ್ನು ಇದರ ಕ್ರಮ. ೨೦೧೧ರಲ್ಲಿ ಹೊರಬಂದ ಬ್ಲೂಸ್ಟ್ಯಾಕ್ಸ್ ಈ ಬಗೆಯವುಗಳಲ್ಲಿ ಹೆಸರಾದುದು; ಗೂಗಲ್ ಸಂಸ್ಥೆಯೂ ೨೦೨೨ರಿಂದ ಕಂಪ್ಯೂಟರಿಗಾಗಿ ಪ್ಲೇ ಗೇಮ್ಸ್ ಎಂಬುದನ್ನು ಒದಗಿಸತೊಡಗಿದೆ. ವಿಂಡೋಸ್ ೧೧ರ ಜೊತೆ ಮೈಕ್ರೋಸಾಫ್ಟ್ ಕೊಟ್ಟಿದ್ದ ಇಂತಹುದೇ ಸೌಕರ್ಯವು ೨೦೨೫ರ ಮಾರ್ಚಿ ೫ಕ್ಕೆ ನಿಂತುಹೋಯಿತು; ಹಳೆಯ ಬರಹಗಳನ್ನೋದಿ ಅದನ್ನು ಹುಡುಕುತ್ತ ಕೂರಬಾರದು. ಮೊಬೈಲಿನ ಸಂಸ್ಕಾರಕಕ್ಕೂ ಕಂಪ್ಯೂಟರಿನದಕ್ಕೂ ಭಾಷೆ ಬೇರೆಯಾದುದರಿಂದ ಎಮ್ಯುಲೇಟರಿಗೆ ದುಭಾಷಿಯ ಕೆಲಸವೂ ಬೀಳುವುದುಂಟು. ಆದಕಾರಣ ಯಂತ್ರಕ್ಕೆ ಬಲ ಬೇಕು. ಬ್ಲೂಸ್ಟ್ಯಾಕ್ಸಿಗೆ ಕನಿಷ್ಠ ೪ ಜಿಬಿ ರ‍್ಯಾಮ್, ಗೂಗಲಿನದಕ್ಕೆ ೮ ಜಿಬಿ. ಆಟವು ಎಡವುತ್ತ ನಡೆದರೆ, ಯಂತ್ರದ ಬಯೋಸಿನಲ್ಲಿ ವರ್ಚುವಲೈಸೇಶನ್ ಎಂಬುದು ಮುಚ್ಚಿದೆಯೇ ಎಂದು ಮೊದಲು ನೋಡಬೇಕು. ಅದನ್ನು ತೆರೆದೊಡನೆ ವೇಗ ಹೆಚ್ಚುವುದು. ತಂತ್ರಾಂಶವನ್ನು ಅದನ್ನು ರಚಿಸಿದವರ ತಾಣದಿಂದಲೇ ಇಳಿಸಿಕೊಳ್ಳಬೇಕಲ್ಲದೆ, ಪುಕ್ಕಟೆಯ ಆಸೆ ತೋರಿಸುವ ಕಂಡಕಂಡ ತಾಣಗಳಿಂದಲ್ಲ. ಅಂತಹವುಗಳೊಡನೆ ಗುಪ್ತಪದಗಳನ್ನು ಕದಿಯುವ ಕಳ್ಳ ತಂತ್ರಾಂಶವೂ ಮನೆ ಹೊಗಬಹುದು.

ಮಣಿಪಾಲದ ವಿದ್ಯಾರ್ಥಿಗಳಿಗೆ ನಾವು ಇದನ್ನೆಲ್ಲ ಹೇಳುವುದು ಮೀನಿಗೆ ಈಜು ಕಲಿಸಿದಂತಾದೀತು. ಆದರೆ ಅವರೂ ನೆನಪಿಡತಕ್ಕ ಮಾತೊಂದುಂಟು. ಹೆಬ್ಬೆರಳಿನಿಂದ ಗುರಿಯಿಡುವವನಿಗಿಂತ ಮೌಸು ಹಿಡಿದವನಿಗೆ ಗುರಿ ಸುಲಭ. ಅದರಿಂದಲೇ ಪಬ್‌ಜಿ ಮೊಬೈಲ್ ಎಮ್ಯುಲೇಟರಿನವರನ್ನು ಎಮ್ಯುಲೇಟರಿನವರೊಡನೆಯೇ ಕಾದಲು ಬಿಡುತ್ತಿತ್ತು. ಆ ಆಟವನ್ನು ೨೦೨೦ರ ಸಪ್ಟೆಂಬರಿನಲ್ಲಿ ಭಾರತ ಸರಕಾರ ನಿಷೇಧಿಸಿತು. ೨೦೨೧ರಲ್ಲಿ ಅದರ ಸ್ಥಾನಕ್ಕೆ ಬಂದ ಬಿಜಿಎಂಐ ಎಮ್ಯುಲೇಟರನ್ನು ಒಪ್ಪುವುದಿಲ್ಲ. ಕದ್ದು ಆಡಿ ಸಿಕ್ಕಿಬಿದ್ದವರ ಖಾತೆಯೇ ಮುಚ್ಚಬಹುದು. ವರ್ಷಗಟ್ಟಲೆ ಗಳಿಸಿದ ಅಂಕಗಳೂ ಅದರೊಡನೆ ಹೋದಾವು.

ಹಣದ ವಿಚಾರದಲ್ಲಿ ಹೆಚ್ಚಿನ ಎಚ್ಚರ ಬೇಕು. ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ೨೦೨೫ರ ಆಗಸ್ಟಿನಲ್ಲಿ ಅಂಗೀಕೃತವಾದ ಕೇಂದ್ರ ಶಾಸನವು ನಿಷೇಧಿಸಿದೆ. ಆದರೆ ಆಟದೊಳಗಿನ ನಾಣ್ಯ, ಆಯುಧ, ಉಡುಪುಗಳನ್ನು ನಿಜವಾದ ಹಣ ಕೊಟ್ಟು ಕೊಳ್ಳುವ ಏರ್ಪಾಡು ಬೇರೆ. ಅದು ನಡೆದೇ ಇದೆ. ಎಮ್ಯುಲೇಟರಿನಲ್ಲಿ ಗೂಗಲ್ ಖಾತೆಯೊಂದರಿಂದ ಒಳಹೊಗಬೇಕಷ್ಟೆ. ಅಲ್ಲಿ ಯಜಮಾನರ ಖಾತೆಯನ್ನೇ ಕೊಟ್ಟು, ಅದಕ್ಕೆ ಬ್ಯಾಂಕಿನ ಕಾರ್ಡನ್ನೂ ಜೋಡಿಸಿಟ್ಟಿದ್ದರೆ, ಎಂಟು ವರ್ಷದ ಹುಡುಗನು ಎರಡು ಬಾರಿ ಒತ್ತುವಷ್ಟರಲ್ಲಿ ತಿಂಗಳ ಜೀನಸಿನ ಹಣ ಕರಗೀತು. ಆಟಕ್ಕೆಂದು ಕಾರ್ಡಿಲ್ಲದ ಬೇರೆ ಖಾತೆಯನ್ನಿಡುವುದು ಮೇಲು.

ಪರದೆ ದೊಡ್ಡದಾದರೆ ಚಟವೂ ದೊಡ್ಡದಾಗದೇ ಎಂದು ಆಕ್ಷೇಪಿಸುವವರುಂಟು. ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡರೆ ಖಂಡಿತ ಆದೀತು. ಚಾವಡಿಯಲ್ಲಿಟ್ಟರೆ ಹೋಗುವವರು ಬರುವವರು ನೋಡುತ್ತಾರೆ, ತಂಗಿ ತನ್ನ ಸರದಿ ಕೇಳುತ್ತಾಳೆ, ಊಟಕ್ಕೆ ಕರೆದಾಗ ಕೇಳಿಸಲಿಲ್ಲವೆನ್ನಲು ಬಾರದು. ಮೊಬೈಲನ್ನು ಕಿತ್ತುಕೊಂಡು ಅಳಿಸುವ ಬದಲು ಆಟವನ್ನೇ ಹೊರಗೆ ಕರೆತರುವುದು ನಮಗೆ ಹೆಚ್ಚು ಹಿತವಾಗಿ ಕಾಣುತ್ತದೆ.

ಯಂತ್ರವನ್ನಿಡುವ ಜಾಗದ ಬಗ್ಗೆ ಮಾತ್ರ ಒಂದೆರಡು ಮಾತು. ಕಾಪುವಿನ ಕಡಲಂಚಿನ ಮನೆಯವರು ಪಡುಗಾಳಿಗೆ ತೆರೆದ ಕಿಟಕಿಯ ಬಳಿ ಕಂಪ್ಯೂಟರನ್ನಿಡಬಾರದು. ಉಪ್ಪಿನ ಗಾಳಿಗೆ ಲೋಹದ ಭಾಗಗಳು ಬೇಗನೆ ಕಿಲುಬು ಹಿಡಿಯುತ್ತವೆ. ಘಟ್ಟದ ಬುಡದಲ್ಲಿರುವ ಕಾರ್ಕಳದ ಕಡೆ ಮಳೆಗಾಲದ ಮೊದಲಿಗೂ ಕೊನೆಗೂ ಗುಡುಗು ಮಿಂಚು ಹೆಚ್ಚು. ಮೊದಲ ಗುಡುಗು ಕೇಳಿಸಿದೊಡನೆ ಆಟ ಎಲ್ಲಿಗೆ ಬಂದಿದ್ದರೂ ಸರಿ, ಯಂತ್ರವನ್ನು ಆರಿಸಿ, ವಿದ್ಯುತ್ತಿನ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಳಚಿಡಬೇಕು. ಅಷ್ಟು ಹೊತ್ತಿಗೆ ಚೆನ್ನೆಮಣೆ ಇದ್ದೇ ಇದೆ.