ಅಕ್ಕೂರಿನ ಮೊಬೈಲಿಗೆ ಮ್ಯಾಕ್‌ಬೆತ್

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಿನಿಂದ ಡಿಗ್ರಿ ಓದಲು ಹೋಗುವ ಹುಡುಗಿಗೆ ಶೇಕ್ಸ್‌ಪಿಯರ್ ಪಾಠ ಬಂತೆಂದರೆ ಮೊದಲು ಕೈಗೆ ಸಿಗುವುದು ಗೈಡು. ಆಮೇಲೆ ಯೂಟ್ಯೂಬಿನ ಸಾರಾಂಶ. ನಾಟಕ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ರೇಷ್ಮೆಹುಳು ಮೇಯಿಸುವ ಮನೆಯ ಮಕ್ಕಳು ದುಬಾರಿ ಪುಸ್ತಕ ಕೊಳ್ಳುವುದು ಕಷ್ಟ, ನಿಜ. ಆದರೆ ಕೊಳ್ಳುವ ಅಗತ್ಯವೇ ಇಲ್ಲವೆಂದು ಅವರಿಗೆ ಹೇಳುವವರು ಬೇಕಾಗಿದ್ದಾರೆ.

ಮೊದಲು ಹೋಗಬೇಕಾದದ್ದು ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದ ಜಾಲತಾಣಕ್ಕೆ. 1932ರಲ್ಲಿ ಬಾಗಿಲು ತೆರೆದ ಈ ಸಂಸ್ಥೆ ವಿದ್ವಾಂಸರು ಸಂಪಾದಿಸಿದ ನಾಟಕಗಳನ್ನು ಉಚಿತವಾಗಿ ಕೊಡುತ್ತದೆ. ಸಾಲುಗಳಿಗೆ ಸಂಖ್ಯೆ ಇದೆ, ದೃಶ್ಯದ ಕಥೆ ಚಿಕ್ಕದಾಗಿ ಇದೆ. ಸಿಗ್ನಲ್ ಇರುವ ಕಡೆ ಪಿಡಿಎಫ್ ಇಳಿಸಿಕೊಂಡರೆ ತೋಟದಲ್ಲಿ ಕೂತೂ ಓದಬಹುದು. ಉಚಿತ ಪುಸ್ತಕಗಳ ಇನ್ನೊಂದು ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ 100ನೇ ಪುಸ್ತಕವೇ ಶೇಕ್ಸ್‌ಪಿಯರನ ಸಮಗ್ರ ಕೃತಿ. ಅದರಲ್ಲಿ ಅಂಥ ನೆರವುಗಳಿಲ್ಲ, ಹೊಸಬರಿಗೆ ಫೋಲ್ಜರೇ ವಾಸಿ. ಎರಡು ಕಡೆ ಹ್ಯಾಮ್ಲೆಟ್ ತೆರೆದಾಗ ಸಾಲುಗಳು ಬೇರೆಬೇರೆ ಕಂಡರೆ ಗಾಬರಿಯಾಗಬೇಕಿಲ್ಲ. 1603ರ ಪ್ರತಿ, ಅದರ ಮರುವರ್ಷದ ಪ್ರತಿ, 1623ರ 'ಫೋಲಿಯೊ' ಸಂಪುಟದ ಪ್ರತಿ ಮೂರೂ ಒಂದೇ ತೆರನಾಗಿಲ್ಲ. ಯಾವುದನ್ನು ಹಿಡಿಯಬೇಕೆಂಬ ಚರ್ಚೆಯೇ ಈ ವಿದ್ಯೆಯ ಒಂದು ಭಾಗ.

ಕಣ್ಣಿನಲ್ಲಿ ಓದಿದರಷ್ಟೇ ಸಾಲದು, ಕಿವಿಗೂ ಬೀಳಬೇಕು. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಣಗಳು ಉಚಿತ. ಊರಹಬ್ಬದಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕಕ್ಕೆ ಕೂತು, ಕೌರವನ ಮಾತಿನ ಏರಿಳಿತಕ್ಕೆ ಕಿವಿ ಪಳಗಿಸಿಕೊಂಡ ಈ ಸೀಮೆಯ ಮಕ್ಕಳಿಗೆ ಲೇಡಿ ಮ್ಯಾಕ್‌ಬೆತ್‌ಳ ಆವೇಶ ಇಂಗ್ಲಿಷಿನಲ್ಲೂ ತಲುಪುತ್ತದೆ ಎಂದು ನಾನು ನಂಬುತ್ತೇನೆ.

ಇಷ್ಟಾದರೂ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಕನ್ನಡದ ದಾರಿ. ಮೈಸೂರು ಆಸ್ಥಾನದ ಬಸವಪ್ಪಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಿ. ಸುಬ್ಬರಾಯರು ಕನ್ನಡಕ್ಕೆ ತಂದುಕೊಟ್ಟ ಒಥೆಲೊವನ್ನು ಅವರು 'ಶೂರಸೇನ ಚರಿತ್ರೆ'ಯಾಗಿ ಕಟ್ಟಿದರು. ಎಂ.ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ 'ಪ್ರತಾಪರುದ್ರದೇವ'ನಾದ. ಕುವೆಂಪು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್ಟನ್ನು ಬಿದನೂರಿಗೇ ಕರೆತಂದರು. ಒಂದು ಅಂಕವನ್ನು ಫೋಲ್ಜರಿನಲ್ಲಿ ಓದಿ, ಅದೇ ಭಾಗ ಕನ್ನಡದಲ್ಲಿ ಏನಾಯಿತು, ಏನು ಬಿಟ್ಟುಹೋಯಿತು, ಏನು ಸೇರಿತು ಎಂದು ನೋಡಿದವರಿಗೆ ಗೈಡು ಬೇಕಾಗುವುದಿಲ್ಲ. ಪರೀಕ್ಷೆಯ ಉತ್ತರವೂ ಅವರದೇ ಆಗಿರುತ್ತದೆ.

ಈ ಕನ್ನಡ ನಾಟಕಗಳನ್ನು ಹುಡುಕುವುದೆಲ್ಲಿ? ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿಸಿದ ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಬಿದ್ದಿವೆ. ಹುಡುಕುವುದೇ ಪಾಡು: ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಗುರುತೇ ಸಿಗದಷ್ಟು ಕೆಟ್ಟಿವೆ. ಕನ್ನಡದಲ್ಲೇ ಹುಡುಕಲು 'ಸಂಚಯ' ಬಳಗದವರು 'ಪುಸ್ತಕ ಸಂಚಯ' ಕಟ್ಟಿದ್ದು ಈ ಕಾರಣಕ್ಕೇ. ಹುಡುಕುವಾಗ ಕರ್ತೃವಿನ ಹೆಸರು, ನಾಟಕದ ಹೆಸರು ಎರಡನ್ನೂ ಹಾಕಿ ನೋಡಬೇಕು.

ಹಕ್ಕುಸ್ವಾಮ್ಯದ ಲೆಕ್ಕವೂ ತಿಳಿದಿರಲಿ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ ಬಸವಪ್ಪಶಾಸ್ತ್ರಿಗಳ ನಾಟಕ ಎಲ್ಲರ ಸೊತ್ತು. 1975ರಲ್ಲಿ ತೀರಿಕೊಂಡ ಡಿವಿಜಿಯವರ ಕನ್ನಡ 'ಮ್ಯಾಕ್‌ಬೆತ್' 2035 ಮುಗಿಯುವವರೆಗೆ ಹಾಗಲ್ಲ. ಮಾಸ್ತಿಯವರ 'ಲಿಯರ್ ಮಹಾರಾಜ' 2046ರವರೆಗೆ. ಅವನ್ನು ಕಾಲೇಜಿನ ಇಲ್ಲವೇ ಊರಿನ ಗ್ರಂಥಾಲಯದಲ್ಲಿ ಕೇಳಿ, ಇಲ್ಲದಿದ್ದರೆ ತರಿಸಿಕೊಡಿ ಎಂದು ಬರೆದುಕೊಟ್ಟು ಬರಬೇಕು.