ಸವೆತವೇ ಸಾಧನವಾದಾಗ

ಎಂಜಿನ್ನಿನ ಅಲ್ಯೂಮಿನಿಯಂ ಹೆಡ್‌ನಲ್ಲಿ ಉಕ್ಕಿನ ಬೋಲ್ಟ್ ವರ್ಷಗಟ್ಟಲೆ ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ನೀರಿನ ಪಸೆ ಸೇರಿದರಂತೂ ಅಲ್ಯೂಮಿನಿಯಂ ಸವೆದು, ಅದರ ಬಿಳಿ ಪುಡಿ ಥ್ರೆಡ್‌ಗಳ ಸಂದಿನಲ್ಲಿ ಬಿಗಿಯಾಗಿ ತುಂಬಿಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಲೆ ಮಾತ್ರ ಕೈಗೆ ಬರುತ್ತದೆ. ನುರಿತ ಮೆಕ್ಯಾನಿಕ್ ಎಣ್ಣೆ ಬಿಟ್ಟು ಕಾಯುತ್ತಾನೆ, ಹೆಡ್ ಬಿಸಿ ಮಾಡುತ್ತಾನೆ, ಉಳಿದ ತುಂಡಿಗೆ ನಟ್ ವೆಲ್ಡ್ ಮಾಡಿ ತಿರುಗಿಸಿ ನೋಡುತ್ತಾನೆ. ಅದಕ್ಕೂ ಜಗ್ಗದಿದ್ದರೆ ನಡುವೆ ತೂತು ಕೊರೆದು ಎಕ್ಸ್‌ಟ್ರಾಕ್ಟರ್ ಇಳಿಸುತ್ತಾನೆ. ಆ ಎಕ್ಸ್‌ಟ್ರಾಕ್ಟರ್ ಒಳಗೇ ಮುರಿದರೆ ಕಷ್ಟ ಇಮ್ಮಡಿ, ಏಕೆಂದರೆ ಹದ ಕೊಟ್ಟ ಆ ಉಕ್ಕಿನ ಮೇಲೆ ಸಾಧಾರಣ ಡ್ರಿಲ್ ಬಿಟ್ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ.

ಅಲ್ಲಿಂದ ಮುಂದಿನ ದಾರಿ ಸ್ಪಾರ್ಕ್ ಎರೋಷನ್, ಅಂದರೆ ವಿದ್ಯುತ್ ಕಿಡಿಯಿಂದ ಲೋಹ ಸವೆಸುವುದು. ಪೀಣ್ಯದ ಟೂಲ್‌ರೂಮುಗಳಲ್ಲಿ ಇಂದು ಮಾಮೂಲಾದ ಈ ವಿದ್ಯೆ ಹುಟ್ಟಿದ್ದು, ಎಂಜಿನ್ನಿನ ಇನ್ನೊಂದು ಕಾಯಿಲೆಗೆ ಮದ್ದು ಹುಡುಕುವಾಗ.

ಎರಡನೆಯ ಮಹಾಯುದ್ಧದ ಕಾಲದ ಸೋವಿಯತ್ ದೇಶ. ಬೋರಿಸ್ ಮತ್ತು ನತಾಲ್ಯಾ ಲಜರೆಂಕೊ ದಂಪತಿಗೆ ವಹಿಸಿದ್ದ ಕೆಲಸ, ಟಂಗ್‌ಸ್ಟನ್ ಕಾಂಟ್ಯಾಕ್ಟ್ ಪಾಯಿಂಟುಗಳ ಸವೆತ ತಡೆಯುವುದು. ವಾಹನಗಳ ಇಗ್ನಿಷನ್‌ನಲ್ಲಿ ಆ ಪಾಯಿಂಟುಗಳು ಪ್ರತಿ ಸಲ ಬಿಡಿಸಿಕೊಳ್ಳುವಾಗಲೂ ಕಿಡಿ ಹಾರುತ್ತದೆ. ಪ್ರತಿ ಕಿಡಿಯೂ ಒಂದು ಕಣ ಲೋಹ ಕಿತ್ತೊಯ್ಯುತ್ತದೆ. ಕಿಡಿ ಬಿದ್ದಲ್ಲಿ ಲೋಹದ ಮೇಲೆ ಗುಳಿ ಬೀಳುವುದನ್ನು ಜೋಸೆಫ್ ಪ್ರೀಸ್ಟ್ಲಿ 18ನೆಯ ಶತಮಾನದಲ್ಲೇ ಗಮನಿಸಿದ್ದ. ಲಜರೆಂಕೊ ದಂಪತಿ ಕಾಂಟ್ಯಾಕ್ಟುಗಳನ್ನು ಎಣ್ಣೆಯಲ್ಲಿ ಮುಳುಗಿಸಿಯೂ ನೋಡಿದರು. ಸವೆತ ನಿಲ್ಲಲಿಲ್ಲ. ಆದರೆ ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿದ್ದ ಕಿಡಿ ಎಣ್ಣೆಯೊಳಗೆ ಒಂದು ಹದಕ್ಕೆ ಬಂತು, ಸವೆತ ಒಂದೇ ಸಮನಾಯಿತು. ತಡೆಯಬೇಕಾದದ್ದನ್ನೇ ದುಡಿಸಿಕೊಳ್ಳಬಹುದಲ್ಲ ಎಂದು ಅವರು ಯೋಚಿಸಿದರು. ವಹಿಸಿದ ಕೆಲಸ ಕೈಗೂಡದೆ ಹೋದಾಗ ಕಡತ ಮುಚ್ಚದೆ, ಕಣ್ಣೆದುರಿಗಿದ್ದುದನ್ನು ಹೀಗೆ ತಿರುಗಿಸಿ ನೋಡಿದ್ದೇ ಈ ಕತೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವ ಗಳಿಗೆ. 1943ರ ಹೊತ್ತಿಗೆ ಅದು ಲೋಹ ಕೊರೆಯುವ ವಿಧಾನವಾಗಿತ್ತು. ಕೆಪಾಸಿಟರ್ ತುಂಬಿಕೊಳ್ಳುತ್ತದೆ, ಕಿಡಿಯಾಗಿ ಖಾಲಿಯಾಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಅವರ ಸರ್ಕ್ಯೂಟ್ ಇಷ್ಟು ಸರಳ.

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಹೆರಾಲ್ಡ್ ಸ್ಟಾರ್ಕ್, ವಿಕ್ಟರ್ ಹಾರ್ಡಿಂಗ್, ಜ್ಯಾಕ್ ಬೀವರ್ ಎಂಬ ಮೂವರು ನೇರವಾಗಿ ನಮ್ಮ ಸಮಸ್ಯೆಗೇ ಕೈಹಾಕಿದ್ದರು: ಅಲ್ಯೂಮಿನಿಯಂ ಹೈಡ್ರಾಲಿಕ್ ವಾಲ್ವುಗಳಲ್ಲಿ ಮುರಿದು ಕೂತ ಡ್ರಿಲ್, ಟ್ಯಾಪುಗಳನ್ನು ತೆಗೆಯುವುದು. ಒಂದು ತುಂಡಿಗಾಗಿ ಇಡೀ ವಾಲ್ವ್ ಗುಜರಿಗೆ ಹೋಗುತ್ತಿತ್ತು. ಕಿಡಿಯಿಂದ ಸುಡೋಣ ಎಂದು ಹೊರಟ ಅವರಿಗೆ ಮೊದಲು ಸಾಕಷ್ಟು ಶಕ್ತಿ ಸಿಗಲಿಲ್ಲ. ಶಕ್ತಿ ಹೆಚ್ಚಿಸಿದರೆ ಕರಗಿದ ಲೋಹ ತೂತಿನಲ್ಲೇ ಉಳಿಯಿತು. ಅದನ್ನು ತೊಳೆಯಲು ನೀರು ಹರಿಸಿದರು, ಕಿಡಿಯನ್ನು ಕಡಿದು ಕಡಿದು ಹಾಯಿಸಲು ವಿದ್ಯುತ್ಕಾಂತ ಜೋಡಿಸಿದರು.

ಇನ್ನು ನಮ್ಮ ಮುರಿದ ಬೋಲ್ಟಿಗೆ ಮರಳೋಣ. ಕಿಡಿಗೆ ಲೋಹದ ಗಡಸುತನ ಲೆಕ್ಕಕ್ಕಿಲ್ಲ. ತಾಮ್ರದ್ದೋ ಗ್ರಾಫೈಟಿನದೋ ಎಲೆಕ್ಟ್ರೋಡ್ ಬೋಲ್ಟನ್ನು ಮುಟ್ಟುವುದೇ ಇಲ್ಲ. ಕೂದಲೆಳೆಯಷ್ಟು ಅಂತರದಲ್ಲಿ ನಿಂತು ಸಾವಿರಾರು ಡಿಗ್ರಿ ಶಾಖದಲ್ಲಿ ಕಣಕಣವಾಗಿ ಕರಗಿಸುತ್ತದೆ. ಒತ್ತಡವಿಲ್ಲದ್ದರಿಂದ ಹೆಡ್‌ಗೆ ಪೆಟ್ಟಿಲ್ಲ. ಆದರೆ ಎಲೆಕ್ಟ್ರೋಡ್ ಥ್ರೆಡ್‌ನ ಒಳ ಅಳತೆಗಿಂತ ತುಸು ಸಣ್ಣದಿರಬೇಕು, ಬೋಲ್ಟಿನ ನಟ್ಟನಡುವೆ ನೆಟ್ಟಗೆ ಇಳಿಯಬೇಕು. ವಾಲಿದರೆ ಹೆಡ್‌ನ ಥ್ರೆಡ್ಡನ್ನೇ ತಿನ್ನುತ್ತದೆ. ನಡು ಕರಗಿದ ಮೇಲೆ ಉಳಿದ ತೆಳು ಸಿಪ್ಪೆಯನ್ನು ಮೊನೆಯಿಂದ ಎಬ್ಬಿಸಿ, ಅದೇ ಅಳತೆಯ ಟ್ಯಾಪನ್ನು ಕೈಯಿಂದಲೇ ಒಮ್ಮೆ ಹಾಯಿಸಿದರೆ ಹಳೆಯ ಥ್ರೆಡ್ಡಿಗೇ ಹೊಸ ಬೋಲ್ಟ್ ಕೂರುತ್ತದೆ.