ಹೆಚ್ಚಿನ ಬೆಲೆ, ಹೆಚ್ಚಾದ ಅಕ್ಕಿ

ಬೇಗಾರ್ ಸುತ್ತಿನ ತೋಟಗಳಲ್ಲಿ ಅಡಿಕೆಯ ಕೊಯ್ಲು ಮುಗಿದು ಸುಲಿದು ಬೇಯಿಸಿ ಒಣಗಿಸುವ ಹೊತ್ತಿಗೆ ಮನೆಮಂದಿಗೆಲ್ಲ ಒಂದೇ ಚಿಂತೆ: ಈ ಸಲ ದರವೇನು? ಮಕ್ಕಳ ಶಾಲೆಯ ಶುಲ್ಕ, ಮಗಳ ಮದುವೆ, ಸೊಸೈಟಿಯ ಸಾಲ ಎಲ್ಲವೂ ಆ ಚೀಲಗಳನ್ನೇ ನೆಚ್ಚಿಕೊಂಡಿವೆ.

ಮಧ್ಯವರ್ತಿಯ ಮರ್ಜಿಯಿಂದ ಬೆಳೆಗಾರನನ್ನು ಬಿಡಿಸಲೆಂದೇ 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಸಹಕಾರ ಸಂಘವು ಹುಟ್ಟಿತು. ಹಿಂದೆ ಟೆಂಡರಿನಲ್ಲಿ ವರ್ತಕರು ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಗುಮಾಸ್ತರು ಒಂದೊಂದನ್ನೇ ಬಿಡಿಸಿ ಓದುತ್ತಿದ್ದರು. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವ್ಯವಸ್ಥೆಯನ್ನು ತಂದ ಮೇಲೆ ಈ ಕೆಲಸವು ಗಣಕಯಂತ್ರದ ಪಾಲಾಗತೊಡಗಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರವು ಇ-ನಾಮ್ ಆರಂಭಿಸಿತು.

ಯಂತ್ರವು ಮಾಡುವುದಾದರೂ ಏನು? ಪ್ರತಿ ರಾಶಿಗೂ ಒಂದು ಸಂಖ್ಯೆ. ವರ್ತಕನ ದರ ಬಂದೊಡನೆ ಅದು ಯಾವ ರಾಶಿಗೆ, ವೇಳೆಯೊಳಗೆ ಬಂದಿತೇ ಎಂದು ನೋಡಬೇಕು. ವೇಳೆ ಮುಗಿದಾಗ ಹೆಚ್ಚಿನ ದರವನ್ನು ಆರಿಸಬೇಕು. ಇಬ್ಬರ ದರ ಸಮನಾದರೆ ಮೊದಲು ಬಂದುದನ್ನು ಹಿಡಿಯುವುದು ಒಂದು ಪದ್ಧತಿ. ಕೊನೆಯಲ್ಲಿ ಒಪ್ಪುವುದೋ ಬಿಡುವುದೋ ಬೆಳೆಗಾರನಿಗೆ ಸೇರಿದ್ದು. ಇವಿಷ್ಟನ್ನೂ ಯಾರೋ ಒಬ್ಬರು ಕುಳಿತು ಯಂತ್ರಕ್ಕೆ ಹಂತಹಂತವಾಗಿ ಬರೆದು ಕೊಟ್ಟಿರುತ್ತಾರೆ. ಬರೆಯದೆ ಬಿಟ್ಟುದನ್ನು ಅದು ತಾನಾಗಿ ಊಹಿಸಲಾರದು.

ಅಪಾಯವಿರುವುದು ಅಲ್ಲಿಯೇ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ಸಂಸ್ಥೆಯ ಯಂತ್ರವು ತಪ್ಪು ಆದೇಶಗಳನ್ನು ತಡೆಯಿಲ್ಲದೆ ಕಳುಹಿಸಿ, ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿನಷ್ಟು ನಷ್ಟ ತಂದಿತು. ನಮ್ಮ ಮಂಡಿಯಲ್ಲಿಯೂ ವರ್ತಕನ ಬೆರಳು ಜಾರಿ ದರಕ್ಕೆ ಒಂದು ಸೊನ್ನೆ ಹೆಚ್ಚು ಬಿದ್ದರೆ? ಹೆಚ್ಚಿನದನ್ನು ಆರಿಸು ಎಂದಷ್ಟೇ ಕಲಿತ ಯಂತ್ರ ಅದನ್ನೇ ಎತ್ತಿ ಹಿಡಿಯುತ್ತದೆ. ಆದಕಾರಣ ದರಕ್ಕೆ ಕೆಳಮಿತಿಯಂತೆ ಮೇಲ್ಮಿತಿಯನ್ನೂ ಹಾಕಿ, ಮಿತಿ ಮೀರಿದುದನ್ನು ಮನುಷ್ಯನ ಕಣ್ಣಿಗೆ ಒಪ್ಪಿಸುವಂತೆ ಬರೆಯುವುದು ವಿವೇಕ.

ಈ ವಿವೇಕವು ನಮಗೆ ಹೊಸತಲ್ಲ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿ ಸುರಿದು ಬನ್ನಿರೆಂದರು. ಬಂದುದೆಲ್ಲವೂ ನಮ್ಮದಲ್ಲವೆಂಬ ಅರಿವು ಅದು. ವರ್ತಕನ ಕೈತಪ್ಪಿನಿಂದ ಬಂದ ಹಣವೂ ಆ ಹೆಚ್ಚಿನ ಅಕ್ಕಿಯಂಥದೇ. ಹಾಗೆಯೇ ಬೆಳೆಗಾರನ ಬೆವರಿಗೆ ತಕ್ಕ ಬೆಲೆ ಸಿಗದಿದ್ದಾಗ ಒಲ್ಲೆನೆನ್ನುವುದೂ ಕಾಯಕದ ಗೌರವವೇ.

ನಮ್ಮ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿ ಇಂಥ ಯಂತ್ರಗಳಿಗೆ ಪಾಠ ಬರೆಯುತ್ತಿದ್ದಾರೆ. ಲೆಕ್ಕವನ್ನು ಕಾಲೇಜು ಕಲಿಸುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯೇ ಕಲಿಸಬೇಕು.